ರಮ್ಯ ಕಾವ್ಯದಲ್ಲಿ ಹುಟ್ಟು ಮತ್ತು ಶೈಶವ

ಯೂರೋಪಿನಲ್ಲಿ ಸುಮಾರು 1780ರಿಂದ 1840ರವರೆಗೆ ಪ್ರಬಲವಾಗಿದ್ದ ರಮ್ಯ ಪಂಥದ ಕಾವ್ಯದಲ್ಲಿ ಮಗುವಿನ ಹುಟ್ಟಿಗೂ ಮಾತು ಬರುವ ಮುಂಚಿನ ಅದರ ಬದುಕಿಗೂ ಹಿಂದೆಂದೂ ಇಲ್ಲದ ಸ್ಥಾನ ದೊರೆಯಿತು. ಅದಕ್ಕೆ ಮೊದಲು ಇಂಗ್ಲಿಷ್ ಕಾವ್ಯದಲ್ಲಿ ಹಸುಗೂಸು ಕಾಣಿಸಿಕೊಳ್ಳುತ್ತಿದ್ದುದು ಹೆಚ್ಚಾಗಿ ಬಾಲಯೇಸುವಾಗಿ, ಇಲ್ಲವೆ ಚರಮಗೀತೆಯ ವಸ್ತುವಾಗಿ. ರಮ್ಯ ಕವಿಗಳೆಲ್ಲರೂ ಒಕ್ಕೊರಲಿನಿಂದ ಶೈಶವವನ್ನು ಕೊಂಡಾಡಿದರೆಂಬ ಅಭಿಪ್ರಾಯ ಪಠ್ಯಪುಸ್ತಕಗಳ ಮೂಲಕ ಬೇರೂರಿದೆ. ಕವಿತೆಗಳನ್ನೇ ಓದಿದರೆ ಅದು ನಿಲ್ಲುವುದಿಲ್ಲ. ಒಂದೇ ಕವಿಯ ಒಂದು ಕವಿತೆಯಲ್ಲಿ ಹುಟ್ಟು ಹಬ್ಬವಾದರೆ ಇನ್ನೊಂದರಲ್ಲಿ ಅದು ಸೆರೆಗೆ ಬೀಳುವ ಗಳಿಗೆ.

ತೊಟ್ಟಿಲ ಬಳಿ ನಿಂತ ಈ ಕವಿಗಳು ಮುಖ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳಿದರು. ಮಗು ಎಲ್ಲಿಂದ ಬಂತು ಎಂಬುದು ಒಂದು; ಯಾರ ಕೈಗೆ ಬಂತು ಎಂಬುದು ಇನ್ನೊಂದು. ಮೊದಲನೆಯದನ್ನು ಕೇಳಿದವರಲ್ಲಿ ವಿಲಿಯಂ ವರ್ಡ್ಸ್‌ವರ್ತ್ ಪ್ರಮುಖ, ಎರಡನೆಯದನ್ನು ಕೇಳಿದವರಲ್ಲಿ ವಿಲಿಯಂ ಬ್ಲೇಕ್. ಅದೇ ಕಾಲದಲ್ಲಿ ಬರೆದ ಹೆಣ್ಣುಮಕ್ಕಳ ಕವಿತೆಗಳಲ್ಲಿ ಇವೆರಡಕ್ಕೂ ಸೇರದ ಮೂರನೆಯ ದನಿಯೊಂದಿದೆ. ವಿಮರ್ಶೆ ಬಹುಕಾಲ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹಿನ್ನೆಲೆ

ಮನುಷ್ಯ ಪಾಪವನ್ನು ಹೊತ್ತೇ ಹುಟ್ಟುತ್ತಾನೆ ಎಂಬುದು ಕ್ರೈಸ್ತ ಧರ್ಮದ ಹಳೆಯ ನಂಬಿಕೆ. ಐಸಾಕ್ ವಾಟ್ಸ್ 1715ರಲ್ಲಿ ಮಕ್ಕಳಿಗಾಗಿ ಬರೆದ ಭಕ್ತಿಗೀತೆಗಳ ಹಿಂದೆ ಈ ನಂಬಿಕೆಯಿತ್ತು. ಆ ಗೀತೆಗಳು ನೂರು ವರ್ಷಕ್ಕೂ ಮಿಕ್ಕಿ ಮನೆಮನೆಯಲ್ಲಿ ಹಾಡಿಕೆಯಲ್ಲಿದ್ದವು. ಬ್ಲೇಕನ ಗೀತೆಗಳು ಬಂದು ಹತ್ತು ವರ್ಷಗಳಾದ ಮೇಲೂ, 1799ರಲ್ಲಿ, ಹ್ಯಾನಾ ಮೋರ್ ಮಕ್ಕಳನ್ನು ನಿರ್ದೋಷಿಗಳೆಂದು ಎಣಿಸುವುದೇ ಮೂಲ ತಪ್ಪು ಎಂದು ವಾದಿಸಿದಳು. ಜಾನ್ ಲಾಕ್ 1690ರ ತನ್ನ ಪ್ರಬಂಧದಲ್ಲಿ ಬೇರೆ ದಾರಿ ಹಿಡಿದಿದ್ದ. ಅವನ ಪ್ರಕಾರ ಹುಟ್ಟುವಾಗ ಮನಸ್ಸಿನಲ್ಲಿ ಪಾಪವೂ ಇಲ್ಲ, ಪೂರ್ವಸ್ಮೃತಿಯೂ ಇಲ್ಲ. ಇರುವುದೆಲ್ಲ ಅನುಭವ ಬರೆದದ್ದು. ಜೀನ್ ಜಾಕ್ ರೂಸೋ 1762ರ ‘ಎಮಿಲ್’ನಲ್ಲಿ ಇನ್ನೂ ಮುಂದೆ ಹೋದ. ಸೃಷ್ಟಿಕರ್ತನ ಕೈಯಿಂದ ಎಲ್ಲವೂ ಒಳ್ಳೆಯದಾಗಿಯೇ ಬರುತ್ತದೆ, ಕೆಡುವುದು ಮನುಷ್ಯನ ಕೈಗೆ ಬಂದ ಮೇಲೆ ಎಂದ. ಕೂಸನ್ನು ಬಟ್ಟೆಪಟ್ಟಿಗಳಲ್ಲಿ ಬಿಗಿದು ಕಟ್ಟುವ ಪದ್ಧತಿಯನ್ನು ಖಂಡಿಸಿದ, ಹೆತ್ತವಳೇ ಹಾಲೂಡಬೇಕೆಂದು ಒತ್ತಾಯಿಸಿದ. ಇದನ್ನು ಬರೆದವನು ತನ್ನ ಐದು ಮಕ್ಕಳನ್ನೂ ಅನಾಥಾಲಯಕ್ಕೆ ಒಪ್ಪಿಸಿದ್ದನೆಂಬುದನ್ನು ಮರೆಯುವಂತಿಲ್ಲ. ಇಂಗ್ಲೆಂಡಿನಲ್ಲಿ ವೈದ್ಯ ವಿಲಿಯಂ ಕ್ಯಾಡೊಗನ್ ಬಟ್ಟೆ ಬಿಗಿಯುವುದನ್ನು 1748ರಲ್ಲೇ ವಿರೋಧಿಸಿದ್ದ. ಬ್ಲೇಕ್ ಬರೆಯತೊಡಗುವ ಹೊತ್ತಿಗೆ ಆ ಪದ್ಧತಿ ಹಿಂದೆ ಸರಿಯುತ್ತಿತ್ತು.

ಈ ಚರ್ಚೆಯಷ್ಟೇ ಮುಖ್ಯವಾದದ್ದು ಹೆರಿಗೆಮನೆಯ ವಾಸ್ತವ. ಬಾಣಂತಿ ಜ್ವರ ತಾಯಂದಿರನ್ನು ಕೊಲ್ಲುತ್ತಿತ್ತು. ಸೂಲಗಿತ್ತಿಯರ ಮತ್ತು ವೈದ್ಯರ ಕೈಗಳ ಮೂಲಕವೇ ಅದು ಹರಡುತ್ತದೆಂದು ಅಬರ್ಡೀನಿನ ಅಲೆಕ್ಸಾಂಡರ್ ಗಾರ್ಡನ್ 1795ರಲ್ಲಿ ತೋರಿಸಿಕೊಟ್ಟರೂ ವೈದ್ಯಲೋಕ ಕಿವಿಗೊಡಲಿಲ್ಲ. ಎರಡು ವರ್ಷಗಳ ನಂತರ, 1797ರ ಆಗಸ್ಟ್ 30ರಂದು ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಹೆಣ್ಣುಮಗುವನ್ನು ಹೆತ್ತಳು. ಕಸ ಪೂರ್ತಿ ಬೀಳದೆ ವೈದ್ಯ ಅದನ್ನು ಕೈಯಿಂದ ತೆಗೆಯಬೇಕಾಯಿತು. ಸೋಂಕು ತಗಲಿ ಸೆಪ್ಟೆಂಬರ್ 10ರಂದು ಆಕೆ ತೀರಿಕೊಂಡಳು. ಆ ಮಗುವೇ ಮುಂದೆ ‘ಫ್ರಾಂಕೆನ್‌ಸ್ಟೈನ್’ ಬರೆದ ಮೇರಿ ಶೆಲ್ಲಿ. ಮದುವೆಯಾಗದ ತಾಯಂದಿರ ಪಾಡು ಬೇರೆಯೇ. ಇಂಗ್ಲೆಂಡಿನ 1624ರ ಕಾನೂನಿನಂತೆ ಅವಿವಾಹಿತೆಯೊಬ್ಬಳು ತನ್ನ ಕೂಸಿನ ಸಾವನ್ನು ಮುಚ್ಚಿಟ್ಟರೆ, ಅದು ಸತ್ತೇ ಹುಟ್ಟಿತೆಂದು ಸಾಬೀತುಪಡಿಸಲಾಗದಿದ್ದಲ್ಲಿ, ಅವಳೇ ಕೊಂದಳೆಂದು ಭಾವಿಸಲಾಗುತ್ತಿತ್ತು. ಈ ಕಾನೂನು ರದ್ದಾದದ್ದು 1803ರಲ್ಲಿ. ವರ್ಡ್ಸ್‌ವರ್ತ್ 1798ರಲ್ಲಿ ‘ದ ಥಾರ್ನ್’ ಬರೆದಾಗ ಅದು ಜಾರಿಯಲ್ಲಿತ್ತು. ಬೆಟ್ಟದ ಮೇಲಿನ ಮುಳ್ಳುಗಿಡದ ಬಳಿ ಕೂತು ಗೋಳಿಡುವ ಮಾರ್ಥಾ ರೇ ತನ್ನ ಕೂಸನ್ನು ಕೊಂದಳೋ ಇಲ್ಲವೋ ಎಂಬ ಊರವರ ಗುಸುಗುಸುವಿನ ಹಿಂದೆ ನೇಣುಗಂಬದ ನೆರಳಿದೆ. ಇದು ತಿಳಿಯದೆ ಓದಿದರೆ ಕವಿತೆ ಬರೀ ಹಳ್ಳಿಯ ಹರಟೆಯಂತೆ ತೋರುತ್ತದೆ.

ಬ್ಲೇಕ್

ಲಂಡನ್ನಿನಲ್ಲಿ 1757ರಲ್ಲಿ ಹುಟ್ಟಿದ ಬ್ಲೇಕನಿಗೆ ಮಕ್ಕಳಾಗಲಿಲ್ಲ. ಆದರೂ ಹೆರಿಗೆಯ ಗಳಿಗೆಯನ್ನು ಅವನಷ್ಟು ಹತ್ತಿರದಿಂದ, ಅವನಷ್ಟು ಸಲ ಕಂಡ ಕವಿ ಆ ಪೀಳಿಗೆಯಲ್ಲಿ ಮತ್ತೊಬ್ಬನಿಲ್ಲ. ಅವನ ‘ಸಾಂಗ್ಸ್ ಆಫ್ ಇನೊಸೆನ್ಸ್’ 1789ರಲ್ಲಿ ಬಂತು. 1794ರಲ್ಲಿ ಅದಕ್ಕೆ ‘ಸಾಂಗ್ಸ್ ಆಫ್ ಎಕ್ಸ್‌ಪೀರಿಯನ್ಸ್’ ಸೇರಿ, ಮನುಷ್ಯನ ಆತ್ಮದ ಎರಡು ಎದುರುಬದುರು ಸ್ಥಿತಿಗಳನ್ನು ತೋರಿಸುವ ಒಂದೇ ಪುಸ್ತಕವಾಯಿತು. ಮೊದಲ ಭಾಗದ ‘ಇನ್‌ಫಂಟ್ ಜಾಯ್’ ಎರಡು ದಿನದ, ಇನ್ನೂ ಹೆಸರಿಡದ ಕೂಸು ಮತ್ತು ಹಿರಿಯರೊಬ್ಬರ ನಡುವಿನ ಪುಟ್ಟ ಸಂಭಾಷಣೆ. ಮಗು ತನ್ನ ಸಂತೋಷವನ್ನೇ ತನ್ನ ಹೆಸರಾಗಿ ಹೇಳಿಕೊಳ್ಳುತ್ತದೆ. ಇಲ್ಲಿ ಹೆಸರಿಡುವವರು ಪಾದ್ರಿಯೂ ಅಲ್ಲ, ತಂದೆಯೂ ಅಲ್ಲ. ಪಾಪ ತೊಳೆಯುವ ದೀಕ್ಷಾಸ್ನಾನದ ಸುಳಿವೂ ಇಲ್ಲ. ಬ್ಲೇಕ್ ಕೆತ್ತಿದ ಚಿತ್ರದಲ್ಲಿ ದೊಡ್ಡ ಹೂವೊಂದು ಬಿರಿದಿದೆ, ಅದರೊಳಗೆ ಕೂಸನ್ನು ಮಡಿಲಲ್ಲಿಟ್ಟುಕೊಂಡ ತಾಯಿ, ಎದುರಿಗೆ ರೆಕ್ಕೆಯುಳ್ಳ ಒಂದು ಆಕೃತಿ. ಸೂಕ್ಷ್ಮವಾಗಿ ನೋಡಿದರೆ ಕವಿತೆಯಲ್ಲಿ ಒಂದು ಅಳುಕು ಕೂಡ ಇದೆ. ಎರಡು ದಿನದ ಕೂಸಿಗೆ ಮಾತು ಬಾರದು. ಅದು ಸಂತೋಷದಿಂದಿದೆ ಎಂದು ತಿಳಿದವರು ಯಾರು? ತೊಟ್ಟಿಲ ಮೇಲೆ ಬಗ್ಗಿದ ಹಿರಿಯರು ಕೊನೆಗೆ ಒಳ್ಳೆಯದಾಗಲಿ ಎಂದು ಹಾರೈಸುತ್ತಾರೆ. ಒಳ್ಳೆಯದಾಗದೆ ಇರಬಹುದು ಎಂಬ ಭಯವಿಲ್ಲದವರು ಹಾರೈಸುವುದಿಲ್ಲ.

ಇದಕ್ಕೆ ಎದುರಾಗಿ ನಿಲ್ಲುವುದು ‘ಇನ್‌ಫಂಟ್ ಸಾರೋ’. ಎರಡೇ ಪದ್ಯಗಳ ಈ ಕವಿತೆಯಲ್ಲಿ ಮಾತಾಡುವುದೂ ಕೂಸೇ. ತಾಯಿಯ ನರಳಾಟ, ತಂದೆಯ ಕಣ್ಣೀರು, ಅಪಾಯಗಳೇ ತುಂಬಿದ ಲೋಕಕ್ಕೆ ಬೆತ್ತಲೆಯಾಗಿ ಧುಮುಕಿದ ಜೀವ: ಹೀಗೆ ಮೊದಲಾಗುತ್ತದೆ. ಅದು ಅಪ್ಪನ ಕೈಯಲ್ಲಿ ಒದ್ದಾಡುತ್ತದೆ, ಬಿಗಿದು ಕಟ್ಟಿದ ಬಟ್ಟೆಗಳೊಡನೆ ಸೆಣಸುತ್ತದೆ. ದಣಿದ ಮೇಲೆ, ಸದ್ಯಕ್ಕೆ ತಾಯಿಯ ಎದೆಗೆ ಒರಗಿ ಮುನಿಸಿಕೊಂಡಿರುವುದೇ ಲೇಸೆಂದು ಲೆಕ್ಕ ಹಾಕುತ್ತದೆ. ಎದೆಹಾಲಿನ ಮಡಿಲು ಸೋತವನು ಹೂಡುವ ಉಪಾಯವಾಗಿ ಬದಲಾಗುವುದು ಈ ಕವಿತೆಯ ಭಯಂಕರ ನಿಜ. ಬ್ಲೇಕನ ಟಿಪ್ಪಣಿ ಪುಸ್ತಕದಲ್ಲಿ ಇದರ ಉದ್ದನೆಯ ಕರಡು ಇದೆ. ಅಲ್ಲಿ ಮಗು ಬೆಳೆದು, ಕೋಪವನ್ನು ಒಳಗಿಟ್ಟುಕೊಂಡು ನಗುವುದನ್ನು ಕಲಿಯುತ್ತದೆ. ಅಚ್ಚಿಗೆ ಕೊಡುವಾಗ ಅದನ್ನೆಲ್ಲ ಕಿತ್ತುಹಾಕಿ ಮೊದಲ ಗಳಿಗೆಯನ್ನಷ್ಟೇ ಉಳಿಸಿಕೊಂಡದ್ದು ಬ್ಲೇಕನ ದೊಡ್ಡ ವಿವೇಕ.

ಈ ಎರಡು ಕವಿತೆಗಳಲ್ಲಿ ಒಂದು ಸುಳ್ಳು, ಇನ್ನೊಂದು ಸತ್ಯ ಎಂದು ಬ್ಲೇಕ್ ಎಲ್ಲಿಯೂ ಹೇಳುವುದಿಲ್ಲ. ಮಗುವಿನ ಸ್ವಭಾವ ಒಂದೇ. ಅದನ್ನು ಹಿಡಿದ ಕೈಗಳು ಬೇರೆ. ‘ಲಂಡನ್’ ಕವಿತೆಯಲ್ಲಿ ಹಾದಿಬದಿಯ ವೇಶ್ಯೆಯ ಶಾಪ ಆಗತಾನೆ ಹುಟ್ಟಿದ ಕೂಸಿನ ಕಣ್ಣೀರಿಗೂ ತಟ್ಟುತ್ತದೆ. ಚಿಮಣಿ ಗುಡಿಸುವ ಹುಡುಗನ ಕವಿತೆಯಲ್ಲಿ ಮಾತು ಸರಿಯಾಗಿ ಬರುವ ಮೊದಲೇ ತಂದೆ ಅವನನ್ನು ಮಾರಿದ್ದಾನೆ. ಎಂಟು ವರ್ಷಕ್ಕಿಂತ ಚಿಕ್ಕವರನ್ನು ಈ ಕೆಲಸಕ್ಕೆ ಹಚ್ಚಬಾರದೆಂದು 1788ರಲ್ಲಿ ಕಾಯಿದೆ ಬಂದಿತ್ತು, ಪಾಲಿಸುವವರಿರಲಿಲ್ಲ.

ದೀರ್ಘ ಕವನಗಳಲ್ಲಿ ಬ್ಲೇಕ್ ಹುಟ್ಟನ್ನು ಪುರಾಣದ ಗಾತ್ರಕ್ಕೆ ಬೆಳೆಸುತ್ತಾನೆ. ‘ದ ಬುಕ್ ಆಫ್ ಥೆಲ್’ (1789) ಕವನದ ಥೆಲ್‌ಳನ್ನು ಇನ್ನೂ ಹುಟ್ಟದ ಜೀವವೆಂದು ಹಲವರು ಓದುತ್ತಾರೆ. ಅವಳು ಭೂಮಿಗಿಳಿದು, ತನ್ನದೇ ಸಮಾಧಿಯಿಂದ ಬರುವ ದನಿ ಕೇಳಿ, ಚೀರಿ ಹಿಂದಕ್ಕೆ ಓಡುತ್ತಾಳೆ. ಹುಟ್ಟಲು ಒಲ್ಲೆನೆಂದ ನಾಯಕಿ ಇಂಗ್ಲಿಷ್ ಕಾವ್ಯದಲ್ಲಿ ಅಪರೂಪ. ‘ದ ಬುಕ್ ಆಫ್ ಯೂರಿಜನ್’ (1794) ಗರ್ಭದೊಳಕ್ಕೇ ಇಣುಕುತ್ತದೆ. ಎನಿಥಾರ್ಮನ್ ಎಂಬವಳ ಬಸಿರಲ್ಲಿ ಹುಳುವಾಗಿದ್ದದ್ದು ಹಾವಾಗಿ, ಮೀನು, ಹಕ್ಕಿ, ಮೃಗಗಳ ರೂಪ ತಾಳಿ ಕೊನೆಗೆ ಮನುಷ್ಯ ಶಿಶುವಾಗುತ್ತದೆ. ಹಾಗೆ ಹುಟ್ಟಿದ ಆರ್ಕ್‌ನನ್ನು ಮತ್ಸರಕ್ಕೆ ಬಿದ್ದ ತಂದೆ ತಾಯಿಯೇ ಬಂಡೆಗೆ ಸಂಕಲೆ ಹಾಕಿ ಬಿಗಿಯುತ್ತಾರೆ. ಕವಿಯ ಜೀವಿತಕಾಲದಲ್ಲಿ ಅಚ್ಚಾಗದೆ 1863ರಲ್ಲಿ ಬೆಳಕು ಕಂಡ ‘ದ ಮೆಂಟಲ್ ಟ್ರಾವೆಲರ್’ನಲ್ಲಿ ಗಂಡುಕೂಸನ್ನು ಮುದುಕಿಯೊಬ್ಬಳ ಕೈಗೆ ಕೊಡಲಾಗುತ್ತದೆ. ಅವಳು ಅದನ್ನು ಬಂಡೆಗೆ ಮೊಳೆ ಹೊಡೆದು ನಿಲ್ಲಿಸುತ್ತಾಳೆ. ಅವನು ಬೆಳೆದಂತೆ ಅವಳು ಚಿಕ್ಕವಳಾಗುತ್ತಾಳೆ, ಕಥೆ ಸುತ್ತಿ ಬಂದು ಇನ್ನೊಂದು ಹುಟ್ಟಿನಲ್ಲಿ ಮತ್ತೆ ಮೊದಲಾಗುತ್ತದೆ.

ವರ್ಡ್ಸ್‌ವರ್ತ್ ಮತ್ತು ಕೋಲ್‌ರಿಜ್

ವರ್ಡ್ಸ್‌ವರ್ತ್ (1770-1850) ಎಂಟು ತುಂಬುವ ಮೊದಲೇ ತಾಯಿಯನ್ನೂ ಹದಿಮೂರರಲ್ಲಿ ತಂದೆಯನ್ನೂ ಕಳೆದುಕೊಂಡ. ಅವನ ಕಾವ್ಯದಲ್ಲಿ ಶೈಶವ ಎದುರಿಗಿರುವ ಕೂಸಲ್ಲ, ಹಿಂದಿರುಗಿ ನೋಡಿದಾಗ ಹೊಳೆಯುವ ದೂರದ ನಾಡು. 1802ರಲ್ಲಿ ಆರಂಭಿಸಿ 1804ರಲ್ಲಿ ಮುಗಿಸಿ 1807ರಲ್ಲಿ ಪ್ರಕಟಿಸಿದ ಅಮರತ್ವದ ಪ್ರಗಾಥದಲ್ಲಿ ಅವನು ಹುಟ್ಟನ್ನು ಒಂದು ಬಗೆಯ ಮರೆವಾಗಿ ಕಂಡ. ಜೀವ ಬೇರೆ ಕಡೆಯಿಂದ, ದೈವದ ಬಳಿಯಿಂದ, ಬೆಳಕನ್ನು ಹೊತ್ತು ಬರುತ್ತದೆ. ಕೂಸಿನ ಸುತ್ತ ಆ ಬೆಳಕು ಇನ್ನೂ ಉಳಿದಿರುತ್ತದೆ, ಬೆಳೆದಂತೆ ದಿನದಿನದ ಬದುಕಿನಲ್ಲಿ ಕರಗಿಹೋಗುತ್ತದೆ. ಪ್ಲೇಟೋವಿನ ‘ಫೀಡೊ’, ‘ಮೀನೊ’ ಸಂವಾದಗಳಲ್ಲಿ ಇದರ ಬೇರು ಇದೆ. ಹದಿನೇಳನೆಯ ಶತಮಾನದ ಹೆನ್ರಿ ವಾನ್ ಕೂಡ ಇಂಥದೇ ಭಾವವನ್ನು ಹಾಡಿದ್ದ. ಕನ್ನಡ ಓದುಗರು ಇದನ್ನು ನಮ್ಮ ಪುನರ್ಜನ್ಮದ ಕಲ್ಪನೆಯೊಡನೆ ಬೆರೆಸುವುದುಂಟು. ವರ್ಡ್ಸ್‌ವರ್ತ್‌ನಲ್ಲಿ ಕರ್ಮವಿಲ್ಲ, ತೀರಿಸಬೇಕಾದ ಋಣವಿಲ್ಲ, ಹಿಂದಿನ ಜನ್ಮದ ಕಥೆಯಿಲ್ಲ. ಇರುವುದು ಒಂದೇ ಬರವು. ಇದನ್ನೂ ಅವನು ನಂಬಿಕೆಯ ಸಿದ್ಧಾಂತವಾಗಿ ಸಾರಲಿಲ್ಲ. 1843ರಲ್ಲಿ ಇಸಬೆಲಾ ಫೆನ್ವಿಕ್‌ಗೆ ಬರೆಸಿದ ಟಿಪ್ಪಣಿಯಲ್ಲಿ, ಇಷ್ಟು ಮಸುಕಾದ ಕಲ್ಪನೆಯನ್ನು ಯಾರೂ ಮತವಾಗಿ ಸ್ವೀಕರಿಸಬೇಕಿಲ್ಲವೆಂದು ಸ್ಪಷ್ಟಪಡಿಸಿದ.

ಅವನದೇ ಇನ್ನೊಂದು ಕಾವ್ಯ ಇದಕ್ಕೆ ವ್ಯತಿರಿಕ್ತ. ‘ದ ಪ್ರಿಲ್ಯೂಡ್’ನ ಎರಡನೆಯ ಭಾಗದಲ್ಲಿ ತಾಯಿಯ ಎದೆಯಲ್ಲಿ ಮೊಲೆಯುಣ್ಣುವ ಕೂಸಿನ ಚಿತ್ರ ಬರುತ್ತದೆ. 1799ರ ಮೊದಲ ರೂಪದಲ್ಲೇ ಅದು ಇತ್ತು. ಇಲ್ಲಿ ಕೂಸು ಆಕಾಶದಿಂದ ಬೆಳಕನ್ನು ತಂದಿಲ್ಲ. ತಾಯಿಯ ಕಣ್ಣಿನಿಂದ ಅದು ಭಾವವನ್ನು ಹೀರಿಕೊಳ್ಳುತ್ತದೆ. ಆ ನಂಟೇ ಚೆದುರಿದ ಲೋಕವನ್ನು ಕೂಸಿನ ಮನಸ್ಸಿನಲ್ಲಿ ಒಂದುಗೂಡಿಸುತ್ತದೆ, ಕವಿಶಕ್ತಿಯ ಮೊದಲ ಮೊಳಕೆಯೂ ಅಲ್ಲಿಯೇ ಒಡೆಯುತ್ತದೆ. ಪ್ರಗಾಥದಲ್ಲಿ ಭೂಮಿ ಸಾಕುತಾಯಿ ಮಾತ್ರ, ಮರೆಸುವವಳು; ‘ಪ್ರಿಲ್ಯೂಡ್’ನಲ್ಲಿ ಹೆತ್ತ ತಾಯಿಯೇ ಲೋಕದ ಬಾಗಿಲು. ಎರಡರಲ್ಲಿ ಹೆಚ್ಚು ಆಳವಾದದ್ದು ಎರಡನೆಯದೇ. ಪ್ರಗಾಥದ ಖ್ಯಾತಿ ಅದನ್ನು ಮರೆಮಾಡಿದೆ, ಮೇಲಾಗಿ ‘ಪ್ರಿಲ್ಯೂಡ್’ 1850ರವರೆಗೆ ಅಚ್ಚಾಗಲೇ ಇಲ್ಲ. ಇಪ್ಪತ್ತನೆಯ ಶತಮಾನದ ಮನೋವಿಜ್ಞಾನ ತಾಯಿ-ಕೂಸಿನ ನಂಟನ್ನು ಅರಿಯಲು ಹೊರಟಾಗ ವಿಮರ್ಶಕರು ಮತ್ತೆ ಮತ್ತೆ ಬಂದದ್ದು ಈ ಸಾಲುಗಳಿಗೇ.

ಸ್ಯಾಮ್ಯುಯೆಲ್ ಟೇಲರ್ ಕೋಲ್‌ರಿಜ್ (1772-1834) ನಿಜವಾದ ತೊಟ್ಟಿಲಿನ ಪಕ್ಕ ಕೂತು ಬರೆದವನು. ಅವನ ಮೊದಲ ಮಗ ಹಾರ್ಟ್ಲಿ 1796ರ ಸೆಪ್ಟೆಂಬರ್ 19ರಂದು ಹುಟ್ಟಿದಾಗ ಅವನು ಊರಿನಲ್ಲಿರಲಿಲ್ಲ. ಸುದ್ದಿ ತಿಳಿದು ಮನೆಗೆ ಮರಳುವ ದಾರಿಯಲ್ಲಿ ಬರೆದ ಸಾನೆಟ್‌ನಲ್ಲಿ, ಜೀವ ಹುಟ್ಟಿಗೂ ಮೊದಲೇ ಇತ್ತೇನೋ ಎಂಬ ಊಹೆ ಬರುತ್ತದೆ. ವರ್ಡ್ಸ್‌ವರ್ತ್‌ನ ಪ್ರಗಾಥಕ್ಕಿಂತ ಇದು ಎಷ್ಟೋ ವರ್ಷ ಹಿಂದಿನದು. ಆದರೆ ಕೋಲ್‌ರಿಜ್ ಅದನ್ನು ಕೂಡಲೇ ಭಯವಾಗಿ ತಿರುಗಿಸುತ್ತಾನೆ: ಮನೆ ಮುಟ್ಟುವ ಮೊದಲೇ ಮಗು ಬಂದ ದಾರಿಯಲ್ಲೇ ಮರಳಿದ್ದರೆ? ಇದರ ಜೊತೆಯ ಸಾನೆಟ್ ಒಂದರಲ್ಲಿ, ದಾದಿ ಮೊದಲ ಬಾರಿ ಕೂಸನ್ನು ಕೈಗಿತ್ತಾಗ ತನಗೆ ಹರ್ಷ ಬರಲಿಲ್ಲ, ಮಂಕು ಕವಿಯಿತು ಎಂದು ಒಪ್ಪಿಕೊಳ್ಳುತ್ತಾನೆ. ತಾಯಿ ಅದನ್ನು ಎದೆಗೆ ಹಿಡಿದಾಗಲಷ್ಟೇ ಅವನ ಮನಸ್ಸು ಕರಗುತ್ತದೆ. ತಂದೆಯಾದವನ ಈ ತಡವರಿಕೆಯನ್ನು ಇಷ್ಟು ಪ್ರಾಮಾಣಿಕವಾಗಿ ದಾಖಲಿಸಿದ ಕವಿತೆ ಆ ಕಾಲದಲ್ಲಿ ಬೇರೆ ಸಿಗುವುದು ಕಷ್ಟ. 1798ರ ಫೆಬ್ರವರಿಯ ‘ಫ್ರಾಸ್ಟ್ ಅಟ್ ಮಿಡ್‌ನೈಟ್’ನಲ್ಲಿ ಅದೇ ಮಗು ಮಲಗಿದೆ, ಕವಿ ಲಂಡನ್ನಿನ ಶಾಲೆಯಲ್ಲಿ ಕಳೆದ ತನ್ನ ಒಂಟಿ ಬಾಲ್ಯವನ್ನು ನೆನೆದು ಮಗನಿಗೆ ಬೆಟ್ಟ, ಸರೋವರಗಳ ಬದುಕನ್ನು ಬಯಸುತ್ತಾನೆ. ಎರಡನೆಯ ಮಗ ಬರ್ಕ್ಲಿ ವರ್ಷ ತುಂಬುವ ಮೊದಲೇ, 1799ರ ಫೆಬ್ರವರಿಯಲ್ಲಿ, ತೀರಿಕೊಂಡಾಗ ಕೋಲ್‌ರಿಜ್ ಜರ್ಮನಿಯಲ್ಲಿದ್ದ. ಆಗಲೂ ಸುದ್ದಿ ತಲುಪಿದ್ದು ಕಾಗದದ ಮೂಲಕವೇ.

ಗೆಳೆಯ ವರ್ಡ್ಸ್‌ವರ್ತ್‌ನ ಪ್ರಗಾಥದ ಮೇಲೆ ತೀಕ್ಷ್ಣ ಆಕ್ಷೇಪ ಎತ್ತಿದವನೂ ಕೋಲ್‌ರಿಜ್‌ನೇ. 1817ರ ‘ಬಯೋಗ್ರಾಫಿಯಾ ಲಿಟರೇರಿಯಾ’ದಲ್ಲಿ, ಆರು ವರ್ಷದ ಮಗು ಯಾವ ಅರ್ಥದಲ್ಲಿ ತತ್ವಜ್ಞಾನಿ ಎಂದು ಕೇಳಿದ. ಆ ಮಗುವಿಗೆ ತನ್ನ ಅರಿವಿನ ಅರಿವೇ ಇಲ್ಲದಿದ್ದರೆ, ಅದೇ ಮಾತನ್ನು ಜೇನುನೊಣಕ್ಕೂ ನಾಯಿಗೂ ಹೊಲದ ಪೈರಿಗೂ ಹೇಳಬಹುದಲ್ಲ ಎಂದ. ಸಮಾಧಿಯನ್ನು ಮಗು ಎಚ್ಚರವಾಗಿ ಮಲಗಿರುವ ತಾಣವಾಗಿ ಭಾವಿಸುತ್ತದೆಂಬ ಸಾಲುಗಳನ್ನೂ ಖಂಡಿಸಿದ. ವರ್ಡ್ಸ್‌ವರ್ತ್ 1820ರ ಆವೃತ್ತಿಯಲ್ಲಿ ಅವನ್ನು ತೆಗೆದುಹಾಕಿದ. ಈ ಜಗಳದ ನಡುವಿನ ಮಗು ಹಾರ್ಟ್ಲಿಯೇ. ವರ್ಡ್ಸ್‌ವರ್ತ್ 1802ರಲ್ಲಿ ಅವನ ಮೇಲೊಂದು ಕವಿತೆ ಬರೆದಿದ್ದ, ಪ್ರಗಾಥದ ಮಗುವಿನಲ್ಲೂ ಅವನ ಛಾಯೆಯಿದೆ. ಹಾರ್ಟ್ಲಿ ಬೆಳೆದು ಆಕ್ಸ್‌ಫರ್ಡಿನ ಓರಿಯಲ್ ಕಾಲೇಜಿನ ಫೆಲೊ ಆದ, ಕುಡಿತದ ಕಾರಣಕ್ಕೆ 1820ರಲ್ಲಿ ಆ ಸ್ಥಾನ ಕಳೆದುಕೊಂಡ. ಮುಂದಿನ ಬದುಕನ್ನು ಹೆಚ್ಚಾಗಿ ಸರೋವರ ಸೀಮೆಯಲ್ಲಿ ಕಳೆದ. 1833ರಲ್ಲಿ ಕವನ ಸಂಗ್ರಹ ತಂದ ಅವನ ಹೆಸರಾಂತ ಸಾನೆಟ್‌ನಲ್ಲಿ, ತಲೆ ನರೆತರೂ ತಾನಿನ್ನೂ ಮಗುವಾಗಿಯೇ ಉಳಿದೆನೆಂಬ ಅಳಲು ಇದೆ. ಶೈಶವವನ್ನು ಮಹಿಮೆಯಾಗಿ ಕಂಡ ಇಬ್ಬರು ಹಿರಿಯರಿಗೆ ಇದಕ್ಕಿಂತ ಕಠಿಣ ಉತ್ತರ ಬೇರೆ ಯಾರೂ ಕೊಡಲಿಲ್ಲ.

ಕವಯಿತ್ರಿಯರು

ಜೊಆನಾ ಬೇಲಿಯ (1762-1851) ಸೋದರಮಾವ ವಿಲಿಯಂ ಹಂಟರ್ ರಾಣಿ ಷಾರ್ಲಟ್‌ಳ ಹೆರಿಗೆ ವೈದ್ಯ. ಬಸುರಿಯ ಗರ್ಭಕೋಶದ ಶರೀರರಚನೆಯನ್ನು ದೊಡ್ಡ ಚಿತ್ರಪಟಗಳಲ್ಲಿ ತೋರಿಸಿದ ಅವನ ಗ್ರಂಥ 1774ರಲ್ಲಿ ಬಂತು. ಇಂಥ ಮನೆತನದಿಂದ ಬಂದ ಬೇಲಿ 1790ರಲ್ಲಿ ಹೆಸರಿಲ್ಲದೆ ಪ್ರಕಟಿಸಿದ ಸಂಕಲನದಲ್ಲಿ, ಆಗತಾನೆ ಎಚ್ಚರಗೊಂಡ ಕೂಸಿಗೆ ತಾಯಿ ಹೇಳುವ ಕವಿತೆಯೊಂದಿದೆ. ಈ ಕೂಸು ದೇವದೂತನಲ್ಲ, ಪಾಪಿಯೂ ಅಲ್ಲ. ಅದಕ್ಕೆ ಹಲ್ಲಿಲ್ಲ, ಮಾತಿಲ್ಲ, ಪರರ ದುಃಖದ ಪರಿವೆಯಿಲ್ಲ. ಪಕ್ಕದಲ್ಲಿ ಯಾರು ಅತ್ತರೂ ಅದು ನಗಬಲ್ಲದು. ಇಷ್ಟೆಲ್ಲ ಬಲ್ಲ ತಾಯಿ ಅದನ್ನು ಪ್ರೀತಿಸುತ್ತಾಳೆ, ಮುಪ್ಪಿನಲ್ಲಿ ಅದು ತನಗೆ ಆಸರೆಯಾದೀತೆ ಎಂದೂ ಯೋಚಿಸುತ್ತಾಳೆ. ವರ್ಡ್ಸ್‌ವರ್ತ್‌ನ ಪ್ರಗಾಥಕ್ಕೆ ಹದಿನೇಳು ವರ್ಷ ಮೊದಲೇ ಬಂದ ಈ ಕವಿತೆಯನ್ನು ಅದರ ಪಕ್ಕದಲ್ಲಿಟ್ಟು ಓದಬೇಕು.

ಆ್ಯನಾ ಲೆಟಿಷಿಯಾ ಬಾರ್ಬಾಲ್ಡ್ (1743-1825) ಮಕ್ಕಳಿಲ್ಲದೆ ತಮ್ಮನ ಮಗನನ್ನು ಸಾಕಿಕೊಂಡವಳು. ಇನ್ನೂ ಹುಟ್ಟದ, ಕಣ್ಣಿಗೆ ಕಾಣದ ಕೂಸನ್ನು ಕುರಿತ ಅವಳ ಕವಿತೆ ಅವಳ ಮರಣಾನಂತರ 1825ರಲ್ಲಿ ಪ್ರಕಟವಾಯಿತು. ಗರ್ಭ ಇಲ್ಲಿ ಸೆರೆಮನೆ, ಹುಟ್ಟು ಬಿಡುಗಡೆ. ಬ್ಲೇಕ್, ವರ್ಡ್ಸ್‌ವರ್ತ್ ಇಬ್ಬರಿಗೂ ಲೋಕವೇ ಸೆರೆಯಾಗಿದ್ದಾಗ ಬಾರ್ಬಾಲ್ಡ್ ದಿಕ್ಕನ್ನೇ ತಿರುಗಿಸಿದಳು. ತಾಯಿ ತನ್ನದೇ ಮೈಯ ಭಾಗವಾದ, ಆದರೂ ಗುರುತಿಲ್ಲದ ಈ ಅತಿಥಿಯ ಮುಖ ನೋಡಲು ಕಾತರಳಾಗಿದ್ದಾಳೆ. ಬ್ರಿಸ್ಟಲ್ಲಿನಲ್ಲಿ ಹಾಲು ಮಾರುತ್ತಿದ್ದ ಆ್ಯನ್ ಯಿಯರ್ಸ್‌ಲಿ 1796ರ ತನ್ನ ಸಂಕಲನದಲ್ಲಿ ಗೆಳತಿಗೆ ಶಿಶುಪಾಲನೆಯ ಬುದ್ಧಿಮಾತನ್ನೇ ಕಾವ್ಯವಾಗಿಸಿದಳು. ಮೇರಿ ರಾಬಿನ್ಸನ್ ಸಾಯುವ ಕೆಲವೇ ತಿಂಗಳ ಮುಂಚೆ, 1800ರಲ್ಲಿ, ಕೋಲ್‌ರಿಜ್‌ನ ಮೂರನೆಯ ಮಗ ಡರ್ವೆಂಟ್ ಹುಟ್ಟಿದ್ದಕ್ಕೆ ಪ್ರಗಾಥವೊಂದನ್ನು ಬರೆದಳು.

ಇತರ ಕವಿಗಳು

ಸ್ಕಾಟ್ಲೆಂಡಿನ ರಾಬರ್ಟ್ ಬರ್ನ್ಸ್ 1785ರಲ್ಲಿ ಮದುವೆಯ ಹೊರಗೆ ಹುಟ್ಟಿದ ತನ್ನ ಮಗಳನ್ನು ಸ್ವಾಗತಿಸಿ ಬರೆದ ಕವಿತೆ ಊರು, ಚರ್ಚು ಎರಡಕ್ಕೂ ಎದೆಗೊಟ್ಟು ನಿಲ್ಲುತ್ತದೆ. ಬೈರನ್ ‘ಚೈಲ್ಡ್ ಹೆರಾಲ್ಡ್’ನ ಮೂರನೆಯ ಸರ್ಗವನ್ನು (1816) ತಾನು ಮತ್ತೆಂದೂ ಕಾಣದ ಮಗಳು ಏಡಾಳನ್ನು ನೆನೆದು ಆರಂಭಿಸಿ, ಅವಳ ನೆನಪಿನಲ್ಲೇ ಮುಗಿಸಿದ. ಶೆಲ್ಲಿ ಆಕ್ಸ್‌ಫರ್ಡಿನ ಸೇತುವೆಯ ಮೇಲೆ ಕೂಸನ್ನೆತ್ತಿಕೊಂಡ ಹೆಂಗಸನ್ನು ತಡೆದು, ಹುಟ್ಟಿಗೆ ಮುಂಚಿನ ಬದುಕಿನ ಬಗ್ಗೆ ಕೂಸು ಏನಾದರೂ ಹೇಳೀತೇ ಎಂದು ಕೇಳಿದನೆಂದು ಗೆಳೆಯ ಹಾಗ್ ಬರೆದಿದ್ದಾನೆ. ಆ ಶೆಲ್ಲಿಯೇ ಮುಂದೆ ‘ಫ್ರಾಂಕೆನ್‌ಸ್ಟೈನ್’ ಬರೆದ ಮೇರಿಯೊಡನೆ ಮೂರು ಮಕ್ಕಳನ್ನು ಮಣ್ಣಿಗಿಟ್ಟ. ಮೊದಲ ಹೆಂಡತಿಯ ಇಬ್ಬರು ಮಕ್ಕಳನ್ನು 1817ರಲ್ಲಿ ನ್ಯಾಯಾಲಯ ಅವನ ಕೈಗೆ ಕೊಡಲಿಲ್ಲ. ಮಗ ವಿಲಿಯಂ ಕುರಿತ ಕವಿತೆಗಳಲ್ಲಿ ತತ್ವಜ್ಞಾನ ಉಳಿದಿಲ್ಲ, ಕಸಿದುಕೊಳ್ಳುತ್ತಾರೆಂಬ ಭೀತಿ ಮತ್ತು ಕಳೆದುಕೊಂಡ ನೋವು ಇದೆ. ವೈದ್ಯಕೀಯ ಓದಿದ ಕೀಟ್ಸ್ 1819ರ ಪತ್ರವೊಂದರಲ್ಲಿ ವರ್ಡ್ಸ್‌ವರ್ತ್‌ನ ಚಿತ್ರವನ್ನು ತಲೆಕೆಳಗು ಮಾಡಿದ: ಮನುಷ್ಯ ಆತ್ಮವನ್ನು ಹೊತ್ತು ಹುಟ್ಟುವುದಿಲ್ಲ, ಈ ಲೋಕದ ನೋವಿನಲ್ಲಿ ಬೆಂದು ಅದನ್ನು ಪಡೆಯುತ್ತಾನೆ. ಜಾನ್ ಕ್ಲೇರ್‌ನೊಂದಿಗೆ ಹುಟ್ಟಿದ ಅವಳಿ ತಂಗಿ ಶೈಶವದಲ್ಲೇ ತೀರಿಕೊಂಡಳು. ಮನೋರೋಗಿಗಳ ಆಸ್ಪತ್ರೆಯಲ್ಲಿದ್ದಾಗ ಅವನು ಕೂಸುಗಳ ಸಮಾಧಿಯ ಮೇಲೆ ಕವಿತೆ ಬರೆದ.

ಇಂಗ್ಲೆಂಡಿನ ಆಚೆ, ಫ್ರಾನ್ಸಿನ ವಿಕ್ಟರ್ ಹ್ಯೂಗೊ 1831ರ ಸಂಕಲನದಲ್ಲಿ ಮಗು ಕಾಣಿಸಿಕೊಂಡೊಡನೆ ಮನೆಮಂದಿಯ ಮುಖ ಅರಳುವುದನ್ನು ಹಾಡಿದ. ಅದೇ ವರ್ಷ ಇಟಲಿಯ ಜಾಕೊಮೊ ಲಿಯೊಪಾರ್ಡಿ ಪ್ರಕಟಿಸಿದ ಅಲೆಮಾರಿ ಕುರುಬನ ರಾತ್ರಿಗೀತೆ ಇದಕ್ಕೆ ನೇರ ವಿರುದ್ಧ. ಮಧ್ಯ ಏಷ್ಯಾದ ಕುರುಬರು ಚಂದ್ರನನ್ನು ನೋಡುತ್ತ ಹಾಡುವುದನ್ನು ಪ್ರವಾಸಿಯೊಬ್ಬನ ಬರಹದಲ್ಲಿ ಓದಿ ಅವನಿಗೆ ಇದು ಹೊಳೆಯಿತು. ಕುರುಬ ಕೇಳುತ್ತಾನೆ: ಹುಟ್ಟುವುದೇ ಸಾವಿನ ಗಂಡಾಂತರ, ಹುಟ್ಟಿದ್ದಕ್ಕಾಗಿ ಮಗುವನ್ನು ಸಮಾಧಾನಪಡಿಸುವುದೇ ತಂದೆತಾಯಿಯ ಮೊದಲ ಕೆಲಸ, ಹೀಗಿದ್ದಮೇಲೆ ಬೆಳಕಿಗೆ ತರುವುದೇಕೆ? ಬ್ಲೇಕನ ಕೂಸು ಸಿಟ್ಟಿನಿಂದಲಾದರೂ ಸೆಣಸುತ್ತದೆ. ಲಿಯೊಪಾರ್ಡಿಯಲ್ಲಿ ದೂರುವುದಕ್ಕೆ ದಬ್ಬಾಳಿಕೆಯ ತಂದೆಯೂ ಇಲ್ಲ, ಪಾದ್ರಿಯೂ ಇಲ್ಲ, ಹುಟ್ಟೇ ಕೇಡು.

ಕನ್ನಡಕ್ಕೆ ಈ ಕಾವ್ಯಪರಂಪರೆ ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ (1926) ಮತ್ತು ಕಾಲೇಜು ತರಗತಿಗಳ ಮೂಲಕ ಬಂತು. ನವೋದಯದ ಕವಿಗಳು ಅದನ್ನು ತಮ್ಮ ಬದುಕಿನ ಒತ್ತಡದಲ್ಲಿ ಬದಲಿಸಿಕೊಂಡರು. ದ.ರಾ. ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಮಗುವಿನ ಸಾವಿನೆದುರು ಗಂಡ ಹೆಂಡತಿಗೆ ಹೇಳುವ ಮಾತು. ವರ್ಡ್ಸ್‌ವರ್ತ್‌ನನ್ನು ಚಿಕ್ಕಂದಿನಿಂದ ಓದಿಕೊಂಡಿದ್ದ ಕುವೆಂಪು, ಹುಟ್ಟುವ ಪ್ರತಿ ಮಗುವನ್ನೂ ವಿಶ್ವಮಾನವನೆಂದು ಕರೆದರು. ಜಾತಿ, ಮತ, ದೇಶಗಳ ಕಟ್ಟುಗಳು ಅದನ್ನು ಅಲ್ಪಮಾನವನನ್ನಾಗಿ ಮಾಡುತ್ತವೆ ಎಂದರು. ಆರಂಭದ ಬೆಳಕು ವರ್ಡ್ಸ್‌ವರ್ತ್‌ನದನ್ನು ಹೋಲುತ್ತದೆ, ಕಟ್ಟುವ ಕೈಗಳ ಮೇಲಿನ ಸಿಟ್ಟು ಬ್ಲೇಕನಿಗೆ ಹತ್ತಿರ. ವರ್ಡ್ಸ್‌ವರ್ತ್‌ಗೆ ಆ ಬೆಳಕು ಮಾಸುವುದು ಪ್ರಕೃತಿಯ ನಿಯಮ. ಕುವೆಂಪು ಅದನ್ನು ನಿಯಮವೆಂದು ಒಪ್ಪಲಿಲ್ಲ. ಅಲ್ಪಮಾನವನನ್ನು ಮತ್ತೆ ವಿಶ್ವಮಾನವನನ್ನಾಗಿ ಮಾಡುವ ಹೊಣೆಯನ್ನು ಅವರು ವಿದ್ಯೆಗೆ ವಹಿಸಿದರು.